ರೊಟ್ಟಿ ಬುತ್ತಿ, ಪುಸ್ತಕದ ಗಂಟು: ಕೊಪ್ಪಳದಿಂದ ಕಡಲಿಗೆ

ನಮ್ಮ ಜಿಲ್ಲೆಯಿಂದ ಬೇಸಿಗೆ ರಜೆಗೆ ಕಡಲ ಕಡೆ ಹೊರಡುವ ಮನೆಮಂದಿಯ ಪ್ರವಾಸಕ್ಕೆ ಒಂದು ಸಿದ್ಧ ಮಾದರಿಯಿದೆ. ರಾತ್ರಿ ಊಟ ಮುಗಿಸಿ ಬಾಡಿಗೆ ಗಾಡಿ ಹತ್ತುವುದು, ಬೆಳಕು ಹರಿಯುವಾಗ ಗೋಕರ್ಣ, ಮಧ್ಯಾಹ್ನ ಮುರುಡೇಶ್ವರ, ಸಂಜೆ ಕೊಲ್ಲೂರು, ಮರುದಿನ ಉಡುಪಿ, ಧರ್ಮಸ್ಥಳ, ಮೂರನೆಯ ರಾತ್ರಿ ಮನೆ. ಅಷ್ಟೂ ಗುಡಿ, ಅಷ್ಟೂ ಬೀಚು ಲೆಕ್ಕಕ್ಕೆ ಸಿಕ್ಕವು ಅನ್ನುವುದೇನೋ ನಿಜ. ಮಕ್ಕಳಿಗೆ ಮಾತ್ರ ನೆನಪುಳಿಯುವುದು ಘಟ್ಟದಲ್ಲಿ ವಾಂತಿ ಮಾಡಿಕೊಂಡ ತಿರುವು.

ಇಲ್ಲಿ ಹೇಳುತ್ತಿರುವುದು ಬೇರೆ ಕ್ರಮ. ಒಂದು ವಾರ ಕೈಯಲ್ಲಿಟ್ಟುಕೊಳ್ಳಿ, ನೋಡುವ ಜಾಗಗಳನ್ನು ಅರ್ಧಕ್ಕೆ ಇಳಿಸಿ, ಪುಸ್ತಕದಂಗಡಿಗಳನ್ನು ಪಟ್ಟಿಗೆ ಸೇರಿಸಿ. ಅದರಲ್ಲೂ ಪುಸ್ತಕ ಕೊಳ್ಳುವುದು ಬರುವಾಗ ಅಲ್ಲ, ಹೋಗುವಾಗ. ಕಾರವಾರದಿಂದ ಮಂಜೇಶ್ವರದವರೆಗಿನ ಕರಾವಳಿಯ ಬಗ್ಗೆ ಕನ್ನಡದಲ್ಲಿ ಬಂದಷ್ಟು ಕತೆ, ಕಾದಂಬರಿ ಬೇರೆ ಯಾವ ಸೀಮೆಯ ಬಗ್ಗೆಯೂ ಬಂದಿರಲಾರದು. ಆ ಪುಸ್ತಕಗಳನ್ನು ಅಲ್ಲೇ ಮರಳ ಮೇಲೆ ಕೂತು ಓದುವ ಅನುಕೂಲ ಇರುವಾಗ ಊರಿಗೆ ಬಂದು ಕಪಾಟಿನಲ್ಲಿಡುವುದರಿಂದ ಯಾವ ಲಾಭ? ಇನ್ನೊಂದು ವ್ಯಾವಹಾರಿಕ ಕಾರಣವೂ ಇದೆ. ಅಂಕೋಲೆಯಿಂದ ಕುಂದಾಪುರದವರೆಗಿನ ಊರುಗಳಲ್ಲಿ ಪಠ್ಯಪುಸ್ತಕ, ನೋಟುಬುಕ್ಕಿನ ಅಂಗಡಿಗಳೇ ಹೆಚ್ಚು. ಬೇಕೆಂದ ಕಾದಂಬರಿ ಸಿಕ್ಕೀತೆಂದು ನೆಚ್ಚಿಕೊಳ್ಳುವ ಹಾಗಿಲ್ಲ. ಧಾರವಾಡವಾದರೆ ನಮ್ಮ ದಾರಿಯಲ್ಲೇ ಕೂತಿದೆ.

ಯಾವಾಗ ಹೊರಡಬೇಕು

ಶಾಲೆಗೆ ರಜೆ ಸಿಗುವುದು ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ. ಅದರಲ್ಲಿ ಏಪ್ರಿಲ್ ನಡುವಿನಿಂದ ಮೇ 10ರವರೆಗಿನ ದಿನಗಳು ಒಳ್ಳೆಯವು. ಆಮೇಲೆ ಕಡಲು ಏಳತೊಡಗುತ್ತದೆ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ಬೋಟುಗಳು ಮಳೆಗಾಲಕ್ಕೆ ಮೊದಲೇ ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ತಿನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಳೆ ಹಿಡಿದ ಮೇಲೆ ಆ ಹೆದ್ದಾರಿಯ ಸಹವಾಸವೇ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಸ್ತೆಬದಿಯ ಹೋಟೆಲು, ಲಾರಿ, ಜನ ಎಲ್ಲ ಗಂಗಾವಳಿ ನದಿಯ ಪಾಲಾದದ್ದು ಇದೇ ದಾರಿಯಲ್ಲಿ.

ಹೊರಡುವ ವಾರವೂ ಮುಖ್ಯ. ಶನಿವಾರ, ಭಾನುವಾರ ಗೋಕರ್ಣದಲ್ಲಿ ಗಾಡಿ ನಿಲ್ಲಿಸಲು ಜಾಗವಿರುವುದಿಲ್ಲ, ಕೋಣೆ ಬಾಡಿಗೆ ಏರಿರುತ್ತದೆ. ಪುಸ್ತಕದ ಅಂಗಡಿಗಳಿಗೆ ಸಾಮಾನ್ಯವಾಗಿ ಭಾನುವಾರ ರಜೆ. ಆದ್ದರಿಂದ ಸೋಮವಾರ ಹೊರಡಿ. ಸೋಮವಾರ ಧಾರವಾಡ, ಮಂಗಳವಾರ ಮತ್ತು ಬುಧವಾರ ಗೋಕರ್ಣದ ಸುತ್ತ, ಗುರುವಾರ ಮುರುಡೇಶ್ವರ, ಶುಕ್ರವಾರ ಉಡುಪಿ, ಶನಿವಾರ ಮಂಗಳೂರು, ಭಾನುವಾರ ವಾಪಸ್. ಪುಸ್ತಕದಂಗಡಿಗಳ ಎರಡು ಊರುಗಳಾದ ಧಾರವಾಡ, ಮಂಗಳೂರು ಬಾಗಿಲು ತೆರೆದಿರುವ ದಿನವೇ ಸಿಗುತ್ತವೆ.

ಮನೆಯಿಂದ ಧಾರವಾಡಕ್ಕೆ

ಕೊಪ್ಪಳದವರಿಗೆ ರಾಷ್ಟ್ರೀಯ ಹೆದ್ದಾರಿ 67 ಗದಗ, ಹುಬ್ಬಳ್ಳಿ ದಾಟಿಸಿ ಧಾರವಾಡಕ್ಕೆ ಒಯ್ಯುತ್ತದೆ, ಸುಮಾರು 135 ಕಿ.ಮೀ. ಗಂಗಾವತಿಯವರು ಬೂದಗುಂಪಾ ಕ್ರಾಸ್, ಗಿಣಿಗೇರಾ ಮೇಲಿಂದ ಇದೇ ದಾರಿ ಸೇರುತ್ತಾರೆ. ಕುಷ್ಟಗಿಯವರು ಕೊಪ್ಪಳಕ್ಕೆ ಬಂದು ಸುತ್ತುವ ಅಗತ್ಯವಿಲ್ಲ. ಗಜೇಂದ್ರಗಡ, ನರೇಗಲ್ ಮಾರ್ಗವಾಗಿ ಗದಗಕ್ಕೆ ಬರಬಹುದು. ಯಲಬುರ್ಗಾದವರಿಗೆ ಕುಕನೂರು ದಾಟಿ ಬನ್ನಿಕೊಪ್ಪದ ಕಡೆಯಿಂದ ಹೆದ್ದಾರಿ.

ಈ ದಾರಿಯ ಎರಡೂ ಬದಿಗೆ ಕಲ್ಲಿನ ಸಂಪತ್ತು. ಒಂದು ಕಡೆ 1112ರ ಇಟಗಿಯ ಮಹಾದೇವ ದೇವಾಲಯ, ಮುಂದೆ ಲಕ್ಕುಂಡಿ. ಹಾಗಿದ್ದರೂ ಈ ಸಲ ನಿಲ್ಲಬೇಡಿ. ಇವು ನಮ್ಮ ಮನೆಬಾಗಿಲಲ್ಲಿವೆ, ಯಾವ ಭಾನುವಾರವಾದರೂ ನೋಡಬಹುದು. ಗದಗದಲ್ಲಿ ವೀರನಾರಾಯಣನ ಗುಡಿಗೆ ಮಾತ್ರ ಒಂದರ್ಧ ಗಂಟೆ ಕೊಡಿ. ಕುಮಾರವ್ಯಾಸ ಭಾರತ ಬರೆದನೆಂದು ಹೇಳುವ ಕಂಬದ ಹತ್ತಿರ ಮಕ್ಕಳನ್ನು ನಿಲ್ಲಿಸಿದರೆ ಪುಸ್ತಕದ ಪ್ರವಾಸಕ್ಕೆ ಅಲ್ಲಿಂದಲೇ ಮುಹೂರ್ತ.

ಬೆಳಿಗ್ಗೆ ಏಳಕ್ಕೆ ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಧಾರವಾಡ. ಸಂಜೆ ಪೂರ್ತಿ ಪುಸ್ತಕಕ್ಕೆ. ಮೊದಲು ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆ. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ್ದು. ಮೆಟ್ಟಿಲು ಹತ್ತಿ ಹೋಗಬೇಕಾದ ಅದರ 'ಅಟ್ಟ' ಕನ್ನಡ ಸಾಹಿತ್ಯದಲ್ಲಿ ದೊಡ್ಡ ವಿಳಾಸ. ಗಿರೀಶ ಕಾರ್ನಾಡರ ನಾಟಕಗಳು ಅಚ್ಚಾಗಿ ಬಂದದ್ದು ಇಲ್ಲಿಂದ. ಕೀರ್ತಿನಾಥ ಕುರ್ತಕೋಟಿಯವರಂಥವರು ಕೂತು ಹರಟಿದ ಜಾಗ ಇದು. ಮಕ್ಕಳಿಗೆ ಇಲ್ಲಿ ಕೊಳ್ಳುವಂಥದ್ದು ಕಡಿಮೆ, ಆದರೆ ಒಂದು ಪುಸ್ತಕ ಅಂಗಡಿಗೆ ಬರುವ ಮೊದಲು ಎಲ್ಲಿ ಹುಟ್ಟುತ್ತದೆ ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅದು ಮುಗಿದ ಮೇಲೆ ಸಮಾಜ ಪುಸ್ತಕಾಲಯ. ದೊಡ್ಡ ಮಳಿಗೆಯೇ ಬೇಕು, ಇಂಗ್ಲಿಷ್ ಮಕ್ಕಳ ಪುಸ್ತಕವೂ ಬೇಕು ಅನ್ನುವವರಿಗೆ ಹುಬ್ಬಳ್ಳಿಯಲ್ಲಿ ಸಪ್ನಾ ಇದೆ; ಕೊಪ್ಪೀಕರ ರಸ್ತೆಯ ಸುತ್ತಮುತ್ತ ಹಳೆಯ ಕನ್ನಡ ಪುಸ್ತಕ ವ್ಯಾಪಾರಿಗಳಿದ್ದಾರೆ.

ಕೊಳ್ಳುವ ರೀತಿ ಬಗ್ಗೆ ಒಂದು ಮಾತು. ಮನೆಯ ಪ್ರತಿಯೊಬ್ಬರಿಗೂ, ಅಜ್ಜಿಗೂ ಸೇರಿ, ಇಷ್ಟು ರೂಪಾಯಿ ಎಂದು ಮೊದಲೇ ಕೈಗೆ ಕೊಟ್ಟುಬಿಡಿ. ಅವರವರ ಪುಸ್ತಕ ಅವರವರೇ ಆರಿಸಲಿ. ಹತ್ತು ವರ್ಷದ ಹುಡುಗ ಕ್ರಿಕೆಟ್ ಪುಸ್ತಕ ಎತ್ತಿಕೊಂಡರೆ ಸುಮ್ಮನಿರಿ. "ಇದನ್ನ ಓದಿದ್ರ ಮಾರ್ಕ್ಸ್ ಬರ್ತಾವೇನೊ?" ಎಂದು ಅಪ್ಪ ಅಂಗಡಿಯಲ್ಲಿ ಕೇಳಿದ ದಿನವೇ ಎಷ್ಟೋ ಮಕ್ಕಳ ಓದು ನಿಂತುಹೋಗಿದೆ. ಮನೆಗೆಲ್ಲ ಸೇರಿದ ಎರಡು ಮೂರು ಪುಸ್ತಕಗಳನ್ನು ಮಾತ್ರ ದೊಡ್ಡವರು ಆರಿಸಲಿ.

ಯಾವುವು ಅವು? ಮುಂದಿನ ಊರುಗಳನ್ನು ನೋಡಿ ಹೇಳುವುದಾದರೆ: ಅಂಕೋಲೆ, ಹೊನ್ನಾವರದ ಸೀಮೆಗೆ ವಿವೇಕ ಶಾನಭಾಗರ 'ಒಂದು ಬದಿ ಕಡಲು', ಗೋಕರ್ಣಕ್ಕೆ ಯಶವಂತ ಚಿತ್ತಾಲ ಮತ್ತು ಜಯಂತ ಕಾಯ್ಕಿಣಿಯವರ ಕತೆಗಳು, ಕುಂದಾಪುರಕ್ಕೆ ವೈದೇಹಿ, ಕೋಟಕ್ಕೆ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ', ಮಂಗಳೂರಿನ ಆಚೆಗೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ಎಲ್ಲವೂ ಬೇಡ, ಎರಡು ಸಾಕು. ಒಂದೇ ಕೊಳ್ಳುವುದಾದರೆ 'ಮರಳಿ ಮಣ್ಣಿಗೆ'. ಹೈಸ್ಕೂಲು ಮುಗಿಸಿದ ಮಕ್ಕಳೂ ಓದಬಹುದು. ಇನ್ನೂ ಚಿಕ್ಕವರಿಗೆ ಪಂಜೆ ಮಂಗೇಶರಾಯರ ಮಕ್ಕಳ ಪದ್ಯ, ಕತೆ. ವೈದೇಹಿಯವರ 'ನಾಯಿಮರಿ ನಾಟಕ'. ಸಾಹಸ ಬೇಕೆನ್ನುವ ಹುಡುಗರಿಗೆ ತೇಜಸ್ವಿಯವರ 'ಅಲೆಮಾರಿಯ ಅಂಡಮಾನ್'. ಅದರಲ್ಲಿ ಕಡಲೂ ಇದೆ, ಮೀನೂ ಇದೆ, ನಗುವೂ ಇದೆ.

ಅರಬೈಲ್ ಘಟ್ಟ

ಮಂಗಳವಾರ ಬೆಳಿಗ್ಗೆ ಧಾರವಾಡದಿಂದ ಕಲಘಟಗಿಗೆ ಇಳಿದರೆ ಹುಬ್ಬಳ್ಳಿಯಿಂದ ಬರುವ ಹೆದ್ದಾರಿ 52 ಸಿಗುತ್ತದೆ. ಯಲ್ಲಾಪುರದವರೆಗೆ ಸಲೀಸು, ಅಲ್ಲಿಂದ ಅಂಕೋಲೆಯ ಕಡೆ ಅರಬೈಲ್ ಘಟ್ಟ. ಬಯಲಿನಲ್ಲಿ ಓಡಿಸಿ ರೂಢಿಯಾದ ನಮ್ಮ ಕಡೆಯವರು ಇಲ್ಲಿ ಎರಡು ತಪ್ಪು ಮಾಡುತ್ತಾರೆ. ಡೀಸೆಲ್ ಉಳಿಯಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವುದು ಒಂದು. ಹಾಗೆ ಮಾಡಿದರೆ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು, ಅದು ಕಾದು, ಹಿಡಿಯುವುದನ್ನೇ ಬಿಡುತ್ತದೆ. ಯಾವ ಗೇರಿನಲ್ಲಿ ಆ ಘಟ್ಟ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು. ಎರಡನೆಯದು ತಿರುವಿನಲ್ಲಿ ಲಾರಿಯನ್ನು ಹಿಂದೆ ಹಾಕುವ ಆತುರ. ಈ ದಾರಿ ತುಂಬ ಭಾರದ ಲಾರಿಗಳದ್ದು. ಅವುಗಳ ಹಿಂದೆ ಅರ್ಧ ಗಂಟೆ ತಡವಾದರೆ ಏನೂ ಹೋಗುವುದಿಲ್ಲ.

ವಾಂತಿಯಾಗುವ ಮಕ್ಕಳಿಗೆ ಯಲ್ಲಾಪುರದಲ್ಲಿ ಎಣ್ಣೆ ತಿಂಡಿ ಕೊಡಬೇಡಿ. ಇಡ್ಲಿ ಸಾಕು. ಮುಂದಿನ ಸೀಟಿನಲ್ಲಿ ದೊಡ್ಡವರ ಜೊತೆ, ಕಿಟಕಿ ಇಳಿಸಿ, ದೂರದ ರಸ್ತೆ ನೋಡುತ್ತ ಕೂರಲಿ. ಮೊಬೈಲು ಕೊಟ್ಟರೆ ಹೊಟ್ಟೆ ತೊಳಸುವುದು ಹೆಚ್ಚು. ಘಟ್ಟದಲ್ಲಿ ಪುಸ್ತಕವೂ ಮುಚ್ಚಿರಲಿ. ಅದಕ್ಕೂ ಇದೇ ನಿಯಮ.

ಅಂಕೋಲೆ, ಗೋಕರ್ಣ

ಕೊಪ್ಪಳದಿಂದ ಹುಬ್ಬಳ್ಳಿ ಮೇಲೆ ನೇರವಾಗಿ ಬಂದರೆ ಅಂಕೋಲೆ ಸುಮಾರು 260 ಕಿ.ಮೀ. ನಮಗೆ ಅತಿ ಹತ್ತಿರದ ಕಡಲು ಇದೇ. ದೊಡ್ಡ ಹೆಸರಿನ ಬೀಚುಗಳ ನಡುವೆ ಜನ ಈ ಊರನ್ನು ದಾಟಿಕೊಂಡು ಹೋಗಿಬಿಡುತ್ತಾರೆ. 1930ರ ಏಪ್ರಿಲ್ 13ರಂದು ಕರ್ನಾಟಕದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು ಅಂಕೋಲೆಯ ಕಡಲ ದಂಡೆಯಲ್ಲಿ. ಚುಟುಕಗಳ ದಿನಕರ ದೇಸಾಯಿ ಈ ತಾಲ್ಲೂಕಿನವರು. ಉತ್ತರ ಕನ್ನಡದ ಲೇಖಕರ ಪುಸ್ತಕಗಳನ್ನು ಊರಲ್ಲೇ ಕೂತು ಪ್ರಕಟಿಸಿದ ವಿಷ್ಣು ನಾಯ್ಕರ ರಾಘವೇಂದ್ರ ಪ್ರಕಾಶನ ಇಲ್ಲಿನ ಅಂಬಾರಕೊಡ್ಲದ್ದು. ಮೇ ತಿಂಗಳಾದರೆ ರಸ್ತೆ ಬದಿಯಲ್ಲಿ ಕರಿ ಇಶಾಡ ಮಾವಿನ ಹಣ್ಣು ಕೇಳಿ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಹಣ್ಣು ಇದು. ಸಿಪ್ಪೆ ತೆಳು, ಬಹಳ ದಿನ ತಾಳುವುದಿಲ್ಲ. ಊರಿಗೆ ಒಯ್ಯುವ ಆಸೆ ಬಿಟ್ಟು ಅಲ್ಲೇ ತಿನ್ನಿ.

ಕಾರವಾರ ಇಲ್ಲಿಂದ ಬಡಗಣ ದಿಕ್ಕಿಗೆ ಸುಮಾರು 35 ಕಿ.ಮೀ. ಊರಿಗೆ ಅಂಟಿಕೊಂಡೇ ಇರುವ ಕಡಲ ದಂಡೆಗೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ತರುಣ ಕವಿ ಬಂದು ತಂಗಿದ್ದರು. ದಂಡೆಯ ಮೇಲೆ ನಿಲ್ಲಿಸಿರುವ ಐಎನ್ಎಸ್ ಚಪಲ್ ಯುದ್ಧನೌಕೆಯ ಒಳಗೆ ಹೊಕ್ಕು ನೋಡಬಹುದು, ಹುಡುಗರಿಗೆ ಹಬ್ಬ. ಅರ್ಧ ದಿನ ಮಿಕ್ಕರೆ ಹೋಗಿ, ಇಲ್ಲದಿದ್ದರೆ ಬಿಡಿ.

ಗೋಕರ್ಣದಲ್ಲಿ ಎರಡು ರಾತ್ರಿ ಬೇಕು. ಮಹಾಬಲೇಶ್ವರನ ದರ್ಶನಕ್ಕೆ ಗಂಡಸರಿಗೆ ಪಂಚೆ, ಹೆಂಗಸರಿಗೆ ಸೀರೆ ಅಥವಾ ಮೈಮುಚ್ಚುವ ಉಡುಪು. ಬ್ಯಾಗಿನ ಮೇಲ್ಭಾಗದಲ್ಲೇ ಇಟ್ಟುಕೊಳ್ಳಿ. ಓಂ ಬೀಚಿಗೆ ಆಟೊ ಹೋಗುತ್ತದೆ, ಕುಡ್ಲೆಗೆ ಇಳಿದು ನಡೆಯಬೇಕು. ಮಂಡಿನೋವಿನ ಹಿರಿಯರಿದ್ದರೆ ಊರಿನ ಮುಖ್ಯ ದಂಡೆಯಲ್ಲಿ ಸಂಜೆ ಕೂರುವುದೇ ಸುಖ.

ಎರಡನೆಯ ದಿನದ ಬೆಳಿಗ್ಗೆಯನ್ನು ಬೀಚಿಗೆ ಕೊಡದೆ ಸಾಣಿಕಟ್ಟಾದ ಕಡೆ ಗಾಡಿ ತಿರುಗಿಸಿ. ಚೌಕಚೌಕದ ಮಡಿಗಳಲ್ಲಿ ಕಡಲ ನೀರು ಕಟ್ಟಿ ಬಿಸಿಲಿಗೆ ಬಿಟ್ಟಿರುತ್ತಾರೆ. ನೀರು ಇಂಗುತ್ತ ಬಂದಂತೆ ಮೇಲೆ ತೆಳ್ಳಗೆ ಹೊಳೆಯುವ ಕೆನೆ ಕಟ್ಟುತ್ತದೆ, ಆಮೇಲೆ ಹರಳು ತಳಕ್ಕೆ ಕೂರುತ್ತದೆ; ಉದ್ದ ಕೋಲಿನ ಹಲಗೆಯಿಂದ ಅದನ್ನು ಅಂಚಿಗೆ ಎಳೆದು ಗುಡ್ಡೆ ಹಾಕುತ್ತಾರೆ. ಉಪ್ಪಿನ ಬಣ್ಣ ಅಂಗಡಿಯ ಪಾಕೀಟಿನಷ್ಟು ಬಿಳಿಯಲ್ಲ, ಮಣ್ಣಿನ ಛಾಯೆ ಇರುತ್ತದೆ. ಇದು ಬೇಸಿಗೆಯಲ್ಲೇ ಕಾಣುವ ಕೆಲಸ. ಪಕ್ಕದ ಹನೇಹಳ್ಳಿ ಚಿತ್ತಾಲರ ಊರು, ಅವರ ಕತೆಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು. ನೋಡಲು ಸ್ಮಾರಕ ಏನೂ ಬೇಕಾಗಿಲ್ಲ. ಒಂದು ಕತೆಯನ್ನು ಯಾರಾದರೂ ಗಟ್ಟಿಯಾಗಿ ಓದಿ, ಉಳಿದವರು ಕೇಳಿ.

ಗಂಗಾವತಿ, ಕಾರಟಗಿಯ ಮಕ್ಕಳಿಗೆ ಇನ್ನೊಂದು ಪಾಠ ಇಲ್ಲಿದೆ. ಕಾಲುವೆಯ ಸಿಹಿನೀರು, ಗೊಬ್ಬರ, ಔಷಧಿ ಇಲ್ಲದೆ ಭತ್ತ ಬೆಳೆಯುವುದೇ ಇಲ್ಲ ಎಂದು ಅವರು ನೋಡಿಕೊಂಡು ಬೆಳೆದವರು. ಕುಮಟಾ ತಾಲ್ಲೂಕಿನ ಅಘನಾಶಿನಿ ಹೊಳೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳುವ 'ಕಗ್ಗ' ಎಂಬ ಭತ್ತ ಬೆಳೆಯುತ್ತದೆ, ಅದೂ ಗೊಬ್ಬರವಿಲ್ಲದೆ. ಬೇಸಿಗೆಯಲ್ಲಿ ಪೈರು ಕಾಣದು, ಕೆಸರು, ನೀರು, ಮೀನು ಹಿಡಿಯುವವರಷ್ಟೇ. ಗದ್ದೆಯವರನ್ನು ಮಾತಾಡಿಸಿದರೆ ಕಗ್ಗದ ಅಕ್ಕಿಯನ್ನು ಕಣ್ಣಾರೆ ನೋಡಬಹುದು.

ನೀರಿಗಿಳಿಯುವ ಮುನ್ನ

ಈ ಭಾಗವನ್ನು ಮನೆಮಂದಿಗೆಲ್ಲ ಓದಿ ಹೇಳಿ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಸತ್ತರು. ಮಳೆಯಿಲ್ಲ, ಬಿರುಗಾಳಿಯಿಲ್ಲ, ಹಗಲು ಹೊತ್ತು.

ಎಡದಂಡೆ ಕಾಲುವೆಯಲ್ಲಿ, ತುಂಗಭದ್ರೆಯ ಮಡುವಿನಲ್ಲಿ ಈಜಿದವರು ಕಡಲಿನಲ್ಲಿ ಹೆಚ್ಚು ಅಪಾಯದಲ್ಲಿರುತ್ತಾರೆ, ಏಕೆಂದರೆ ಅವರಿಗೆ ಧೈರ್ಯವಿರುತ್ತದೆ. ಹೊಳೆಯ ಸೆಳೆತ ಒಂದೇ ಕಡೆಗೆ, ಕಡಲಿನದು ಹಾಗಲ್ಲ. ದಡಕ್ಕೆ ಬಂದು ಬಿದ್ದ ಅಲೆಗಳ ನೀರು ಒಂದು ಕಿರಿದಾದ ಓಣಿ ಹಿಡಿದು ರಭಸವಾಗಿ ಹಿಂದಕ್ಕೆ ಓಡುತ್ತದೆ. ಆ ಓಣಿಯಲ್ಲಿ ನೊರೆ ಕಡಿಮೆ, ಅಲೆ ಒಡೆಯುವುದಿಲ್ಲ, ನೀರು ಕಪ್ಪಾಗಿ ಶಾಂತವಾಗಿ ಕಾಣುತ್ತದೆ. ಮಕ್ಕಳನ್ನು ಇಳಿಸಲು ಜನ ಆರಿಸಿಕೊಳ್ಳುವುದು ಅದೇ ಜಾಗವನ್ನು. ಅಲೆ ಒಡೆದು ನೊರೆ ಏಳುತ್ತಿರುವ ಕಡೆ, ಮೊಣಕಾಲುದ್ದ ನೀರಿನಲ್ಲಿ ಆಡುವುದು ವಾಸಿ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ನೇರವಾಗಿ ಈಜಬಾರದು, ಸುಸ್ತಾಗುತ್ತದೆ. ಅಂಗಾತ ತೇಲಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ಬಿಟ್ಟ ಮೇಲೆ ಅಲೆಯ ಜೊತೆ ಒಳಗೆ ಬರಬೇಕು. ಜೀವರಕ್ಷಕರು ಸೀಟಿ ಊದಿದರೆ ವಾದಿಸದೆ ಎದ್ದು ಬನ್ನಿ. ಕುಡಿದವರು ನೀರಿಗಿಳಿಯಲೇ ಕೂಡದು. ಸೀರೆಯುಟ್ಟು ಆಳಕ್ಕೆ ಹೋಗುವುದೂ ಬೇಡ. ನೆನೆದ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ತುರ್ತಿಗೆ 112.

ನೀರಾಟಕ್ಕೆ ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕೂವರೆಯ ಮೇಲೆ. ನಡುವಿನ ಹೊತ್ತು ಮರಳು ಕಾಲು ಸುಡುತ್ತದೆ. ಪುಸ್ತಕದಂಗಡಿ, ವಸ್ತುಸಂಗ್ರಹಾಲಯ, ಓದು, ನಿದ್ದೆ ಎಲ್ಲ ಆ ಹೊತ್ತಿನ ಬಾಬ್ತು.

ಹೊನ್ನಾವರದಿಂದ ಉಡುಪಿಗೆ

ಹೊನ್ನಾವರದ ಕಾಸರಕೋಡು ಕಡಲ ದಂಡೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು, ಜೊತೆಗೆ ಉಡುಪಿ ಜಿಲ್ಲೆಯ ಪಡುಬಿದ್ರಿಗೂ. ಶೌಚಾಲಯ, ಸ್ನಾನದ ಕೋಣೆ, ಕಾವಲು ಇರುವುದರಿಂದ ಹೆಣ್ಣುಮಕ್ಕಳಿರುವ ಕುಟುಂಬಕ್ಕೆ ಈ ಎರಡನ್ನೇ ಮೊದಲು ಹೇಳುತ್ತೇನೆ. ಮೊಬೈಲ್ ನಕಾಶೆಯಲ್ಲಿ ಹುಡುಕುವಾಗ ಎಚ್ಚರ, ಕೇರಳದ ಕಾಸರಗೋಡಿಗೆ ದಾರಿ ತೋರಿಸೀತು. ಹತ್ತಿರದಲ್ಲೇ ಶರಾವತಿಯ ಹಿನ್ನೀರಿನ ಕಾಂಡ್ಲಾ ಕಾಡಿನ ನಡುವೆ ಮರದ ಕಾಲುದಾರಿ ಇದೆ.

ಮುರುಡೇಶ್ವರ ಎಲ್ಲರಿಗೂ ಗೊತ್ತು. 123 ಅಡಿಯ ಶಿವ, 20 ಅಂತಸ್ತಿನ ಗೋಪುರ, ಮೇಲೆ ಹೋಗಲು ಲಿಫ್ಟು. ರಾತ್ರಿ ತಂಗಲು ಒಳ್ಳೆಯ ವ್ಯವಸ್ಥೆ, ಅಷ್ಟು ಸಾಕು.

ಭಟ್ಕಳ, ಬೈಂದೂರು ದಾಟಿದ ಮೇಲೆ ಮರವಂತೆ. ಹೆದ್ದಾರಿ 66ರ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ. ರಸ್ತೆ ಮೇಲೆ ಗಾಡಿ ನಿಲ್ಲಿಸಿ ಫೋಟೊ ತೆಗೆಯಬೇಡಿ. ಟ್ರಕ್ಕುಗಳು ವೇಗವಾಗಿ ಬರುತ್ತವೆ. ಕುಂದಾಪುರ ಕಳೆದು ಕೋಟದಲ್ಲಿ, ಕಾರಂತರು 1902ರಲ್ಲಿ ಹುಟ್ಟಿದ ಊರಿನಲ್ಲಿ, ಕೋಟತಟ್ಟು ಪಂಚಾಯಿತಿಯವರು ಕಾರಂತ ಥೀಮ್ ಪಾರ್ಕ್ ಮಾಡಿದ್ದಾರೆ. ಒಬ್ಬ ಸಾಹಿತಿಯ ಹೆಸರಿನಲ್ಲಿ ಗ್ರಾಮ ಪಂಚಾಯಿತಿಯೊಂದು ಹೀಗೆ ಮಾಡಿತಲ್ಲ ಎಂಬುದೇ ನಮಗೆ ನೋಡುವ ಸಂಗತಿ. ನಮ್ಮ ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಕವಿ ಸಿದ್ಧಯ್ಯ ಪುರಾಣಿಕರನ್ನು ನೆನೆದಾದರೂ ಅಲ್ಲಿ ಒಂದು ಗಂಟೆ ಕಳೆಯಿರಿ. 'ಮರಳಿ ಮಣ್ಣಿಗೆ'ಯಲ್ಲಿ ಬರುವ ಕಡಲಂಚಿನ ಬದುಕು ಈ ಸುತ್ತಿನದೇ.

ಉಡುಪಿಯಲ್ಲಿ ಕೃಷ್ಣಮಠದ ಊಟ, ಮಲ್ಪೆಯ ದ್ವೀಪ. ದ್ವೀಪದ ಕಲ್ಲುಗಳ ಬಗ್ಗೆ ಮಕ್ಕಳಿಗೆ ಮೊದಲೇ ಹೇಳಿ. ಆನೆಗೊಂದಿಯ ದುಂಡು ಬಂಡೆಗಳನ್ನು ದಿನಾ ನೋಡುವವರಿಗೆ ಇಲ್ಲಿ ಕಲ್ಲು ಪೆನ್ಸಿಲ್ ಕಟ್ಟಿನ ಹಾಗೆ ನೆಟ್ಟಗೆ ಎದ್ದು ನಿಂತಿರುವುದು ಬೆರಗು. ಕುದಿಯುವ ಲಾವಾ ಆರಿ ಕುಗ್ಗುವಾಗ ಐದು, ಆರು, ಏಳು ಮೂಲೆಯ ಕಂಬಗಳಾಗಿ ಬಿರುಕು ಬಿಟ್ಟದ್ದು ಅದು. ಈ ಶಿಲೆಯ ವಯಸ್ಸು ಸುಮಾರು 8.8 ಕೋಟಿ ವರ್ಷ. ನಮ್ಮ ಗ್ರಾನೈಟ್ ಗುಡ್ಡಗಳ ವಯಸ್ಸನ್ನು ಇನ್ನೂರೈವತ್ತು ಕೋಟಿ ವರ್ಷದ ಲೆಕ್ಕದಲ್ಲಿ ಹೇಳುತ್ತಾರೆ. ಅವುಗಳ ಮುಂದೆ ಇದು ಕೂಸು.

ರಾತ್ರಿಗೆ ಯಕ್ಷಗಾನ. ಮೇಳಗಳ ತಿರುಗಾಟ ಮೇ ಕೊನೆಯ ವಾರದಲ್ಲಿ ಬರುವ ತುಳುನಾಡಿನ ಪತ್ತನಾಜೆ ದಿನದ ಹೊತ್ತಿಗೆ ಮುಗಿಯುತ್ತದೆ, ಮೇ 10ರೊಳಗೆ ಬನ್ನಿ ಎಂದದ್ದಕ್ಕೆ ಇದೂ ಕಾರಣ. ಮಣಿಪಾಲದ 'ಉದಯವಾಣಿ' ಕೊಂಡರೆ ಇವತ್ತು ಯಾವ ಊರಲ್ಲಿ ಯಾವ ಮೇಳದ ಆಟ ಎಂಬ ವಿವರ ಸಿಗುತ್ತದೆ. ಹರಕೆಯ ಆಟಗಳಿಗೆ ಟಿಕೆಟ್ಟಿಲ್ಲ, ಹೋಗಿ ಕೂತರಾಯಿತು. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ತೊಗಲುಗೊಂಬೆಯ ಸುದ್ದಿ ಕೇಳಿದ ನಮ್ಮ ಮಕ್ಕಳು, ಅದೇ ರಾಮಾಯಣ, ಮಹಾಭಾರತ ಇಲ್ಲಿ ಯಾವ ವೇಷ ತೊಟ್ಟಿದೆ ನೋಡಲಿ.

ಮಂಗಳೂರು

ಮಂಗಳೂರಿನಲ್ಲಿ ಕಡಲಿಗಿಂತ ಊರೇ ಹೆಚ್ಚು ರುಚಿ. ಬೆಳಿಗ್ಗೆ ಹತ್ತೂವರೆಯಿಂದ ಒಂದರವರೆಗೆ ಪುಸ್ತಕದಂಗಡಿ ಮುಗಿಸಿ. ನವಕರ್ನಾಟಕದ ಮಳಿಗೆಯಲ್ಲಿ ಮಕ್ಕಳ ವಿಜ್ಞಾನದ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ, ಸಪ್ನಾ ಇಲ್ಲೂ ಇದೆ. ತುಳು, ಕೊಂಕಣಿ, ಬ್ಯಾರಿ ಭಾಷೆಗಳ ಪುಸ್ತಕಗಳನ್ನು ಕನ್ನಡ ಲಿಪಿಯಲ್ಲಿ ನೋಡುವುದು ನಮ್ಮ ಮಕ್ಕಳಿಗೆ ಹೊಸತು.

ಈ ಊರಿನ ಪುಸ್ತಕದಂಗಡಿಗಳ ಮಾತು ಬಂದರೆ ಈಗ ಇಲ್ಲದ ಒಂದನ್ನು ಹೇಳಲೇಬೇಕು. ಜಿ.ಎನ್. ಅಶೋಕವರ್ಧನರು 1975ರಲ್ಲಿ ತೆರೆದ ಅತ್ರಿ ಬುಕ್ ಸೆಂಟರ್ 2012ರಲ್ಲಿ ಮುಚ್ಚಿತು. ಪುಸ್ತಕ ಮಾರುವ ಕಷ್ಟಸುಖದ ಬಗ್ಗೆ ಅವರೇ ಬರೆದಿದ್ದಾರೆ, 'ಪುಸ್ತಕ ಮಾರಾಟ ಹೋರಾಟ' ಎಂದು ಆ ಪುಸ್ತಕದ ಹೆಸರು. ಅಂಗಡಿಗೆ ಹೋಗಿ ಪುಟ ತಿರುವಿ, ಫೋಟೊ ಹೊಡೆದುಕೊಂಡು, ಆನ್‌ಲೈನಿನಲ್ಲಿ ಹತ್ತು ರೂಪಾಯಿ ಕಡಿಮೆಗೆ ತರಿಸುವವರು ಅದನ್ನು ಓದಬೇಕು.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಇಲ್ಲಿಂದ 1843ರ ಜುಲೈ 1ರಂದು ಹೊರಟಿತು, ಹರ್ಮನ್ ಮೊಗ್ಲಿಂಗರ ಸಂಪಾದಕತ್ವದಲ್ಲಿ. ಒಂದು ವರ್ಷ ತುಂಬುವ ಮೊದಲೇ ಅದು ಹೆಸರು ಬದಲಿಸಿ 'ಕನ್ನಡ ಸಮಾಚಾರ' ಆಗಿ ನಮ್ಮ ಪಕ್ಕದ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. 1894ರ ಕಿಟೆಲ್ ನಿಘಂಟು ಮುದ್ರಣವಾದದ್ದೂ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಮಧ್ಯಾಹ್ನ ಪಿಲಿಕುಳದ ತಾರಾಲಯ, ಸಂಜೆ ತಣ್ಣೀರುಬಾವಿ ಅಥವಾ ಪಣಂಬೂರು, ರಾತ್ರಿ ಗಡ್‌ಬಡ್ ಐಸ್‌ಕ್ರೀಮು.

ಇನ್ನೊಂದು ದಿನ ಸಿಕ್ಕರೆ ತಲಪಾಡಿ ಗೇಟು ದಾಟಿ ಮಂಜೇಶ್ವರಕ್ಕೆ ಹೋಗಿ, ಸುಮಾರು 20 ಕಿ.ಮೀ. ಕನ್ನಡದ ಮೊದಲ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಈಗ 'ಗಿಳಿವಿಂಡು' ಎಂಬ ಸ್ಮಾರಕ. ಕೇರಳದ ನೆಲದಲ್ಲಿ ಕನ್ನಡದ ಬೋರ್ಡು, ಕನ್ನಡ ಶಾಲೆ, ಕನ್ನಡ ಮಾತು ಕಾಣುವ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ತಯಾರಿರಲಿ.

ಬುತ್ತಿ, ಗಂಟು, ಖರ್ಚು

ನಮ್ಮ ಕಡೆಯ ಬಿಸಿಲು 40 ಡಿಗ್ರಿಯಾದರೂ ಬೆವರು ಆರುತ್ತದೆ. ಕರಾವಳಿಯಲ್ಲಿ 34 ಡಿಗ್ರಿಗೇ ಅಂಗಿ ಮೈಗಂಟುತ್ತದೆ. ಹತ್ತಿ ಬಟ್ಟೆ ದಿನಕ್ಕೆರಡು ಜೊತೆ ಬೇಕು, ನೀರು ಕುಡಿಯುತ್ತಲೇ ಇರಬೇಕು. ಇದೇ ತೇವ ಖಡಕ್ ರೊಟ್ಟಿಯನ್ನೂ ಬಿಡುವುದಿಲ್ಲ. ಬಟ್ಟೆಯಲ್ಲಿ ಕಟ್ಟಿ ಒಯ್ದ ರೊಟ್ಟಿ ಎರಡನೆಯ ದಿನಕ್ಕೆ ಮುರಿಯದೆ ಬಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಎರಡೆರಡು ದಿನದ ಲೆಕ್ಕಕ್ಕೆ ಬೇರೆ ಬೇರೆ ಕಟ್ಟಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕೆಡುವುದಿಲ್ಲ. ಅಜ್ಜ, ಅಜ್ಜಿಯರಿಗೆ ಅಲ್ಲಿನ ಕುಚ್ಚಲಕ್ಕಿ ಅನ್ನ ಮೊದಲ ದಿನ ಒಗ್ಗದಿದ್ದರೆ ರಾತ್ರಿಗೆ ಈ ಬುತ್ತಿಯೇ ಗತಿ. ನೀರುದೋಸೆ, ಗೋಳಿಬಜೆ, ಬನ್ಸು ಮಾತ್ರ ಎಲ್ಲರಿಗೂ ಹಿಡಿಸುತ್ತವೆ. ಮೀನು ತಿನ್ನುವವರು ದೊಡ್ಡ ಬೋರ್ಡಿನ ಹೋಟೆಲು ಬಿಟ್ಟು, ಮಧ್ಯಾಹ್ನ ಊರಿನವರು ಸಾಲು ಹಿಡಿದ ಖಾನಾವಳಿ ಹುಡುಕಲಿ.

ಪುಸ್ತಕಗಳಿಗೂ ಇದೇ ತೊಂದರೆ. ಉಪ್ಪುಗಾಳಿಗೆ ರಟ್ಟು ಸುರುಳಿ ಸುತ್ತುತ್ತದೆ, ಮರಳು ಹೊಲಿಗೆಯೊಳಗೆ ಸೇರುತ್ತದೆ. ಒಂದೊಂದನ್ನೂ ಜಿಪ್ ಕವರಿನಲ್ಲಿಟ್ಟು, ದಂಡೆಗೆ ಒಂದನ್ನು ಮಾತ್ರ ಒಯ್ಯಿರಿ. ಊರಿಗೆ ಬಂದ ಮೇಲೆ ನೆರಳಿನಲ್ಲಿ ಗಾಳಿಗೆ ಬಿಡಿ.

ಸುತ್ತಾಟ ಸೇರಿ ಗಾಡಿ ಓಡುವುದು ಸುಮಾರು 1100 ಕಿ.ಮೀ. ಲೀಟರಿಗೆ 15 ಕಿ.ಮೀ. ಕೊಡುವ ಕಾರಾದರೆ 75 ಲೀಟರು. ಕರಾವಳಿ ಹೆದ್ದಾರಿಯಲ್ಲಿ ಹೊಳೆಗದ್ದೆ, ಶಿರೂರು, ಸಾಸ್ತಾನ, ಹೆಜಮಾಡಿ ಟೋಲ್‌ಗಳು ಸಿಗುತ್ತವೆ, ಫಾಸ್ಟ್‌ಟ್ಯಾಗ್ ತುಂಬಿಸಿಕೊಳ್ಳಿ. ಈ ಶಿರೂರು ಬೈಂದೂರಿನ ಹತ್ತಿರದ್ದು, ಗುಡ್ಡ ಕುಸಿದದ್ದು ಬೇರೆ.

ಕಾರಿಲ್ಲದವರೂ ಈ ಪ್ರವಾಸ ಮಾಡಬಹುದು. 2025ರ ಮೇ ತಿಂಗಳಿಂದ ಕುಷ್ಟಗಿಯಿಂದಲೂ ಹುಬ್ಬಳ್ಳಿಗೆ ರೈಲಿದೆ, ಕೊಪ್ಪಳ, ಗಂಗಾವತಿಗೆ ಮೊದಲೇ ಇತ್ತು. ಹುಬ್ಬಳ್ಳಿಯಿಂದ ಅಂಕೋಲೆ, ಕಾರವಾರಕ್ಕೆ ಬಸ್ಸು. ಅಲ್ಲಿಂದ ತೆಂಕಣಕ್ಕೆ ಕೊಂಕಣ ರೈಲು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ, ವೇಗದೂತ ಬಸ್ಸು ಉಚಿತ. ಆದರೆ ಉಡುಪಿ, ಮಂಗಳೂರಿನ ನಡುವೆ ಓಡುವುದು ಬಹುಪಾಲು ಖಾಸಗಿ ಬಸ್ಸು, ಅದರಲ್ಲಿ ಟಿಕೆಟ್ ತೆಗೆಸಲೇಬೇಕು.

ವಾಪಸಾಗಲು ಬಂದ ಘಟ್ಟದ ದಾರಿಯೇ ಬೇಡ. ಮಂಗಳೂರಿನಿಂದ ಹೊನ್ನಾವರದವರೆಗೆ ಮರಳಿ, ಅಲ್ಲಿಂದ ಗೇರುಸೊಪ್ಪೆ, ಜೋಗದ ಮೇಲೆ ಸಾಗರಕ್ಕೆ ಬಂದರೆ ಹತ್ತಿರದಲ್ಲೇ ಹೆಗ್ಗೋಡು. ಬೇಸಿಗೆಯಲ್ಲಿ ಜೋಗದಲ್ಲಿ ನೀರು ಅಷ್ಟಕ್ಕಷ್ಟೆ, ಹೆಗ್ಗೋಡಿನಲ್ಲಿ ಪುಸ್ತಕ ಇದ್ದೇ ಇದೆ. 1949ರ ನೀನಾಸಂ, ಕೆ.ವಿ. ಸುಬ್ಬಣ್ಣನವರ ಅಕ್ಷರ ಪ್ರಕಾಶನ ಎರಡೂ ಒಂದು ಹಳ್ಳಿಯಲ್ಲಿ. ಭಾನುವಾರವೇ ಅಲ್ಲಿಗೆ ತಲುಪುವುದಾದರೆ ಮೊದಲೇ ಫೋನ್ ಮಾಡಿ ವಿಚಾರಿಸಿಕೊಳ್ಳಿ. ಅಲ್ಲಿಂದ ಶಿವಮೊಗ್ಗ, ಹರಿಹರ, ಹೊಸಪೇಟೆ ಮೇಲೆ ಮನೆ.

ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಮಕ್ಕಳು ಓದಿ ಮುಗಿಸಿದ ಪುಸ್ತಕಗಳಲ್ಲಿ ಒಂದೆರಡನ್ನು ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕೊಡಿ. ಕಡಲು ನೋಡಲು ಹೋಗಲಾಗದ ಮಕ್ಕಳು ಪ್ರತಿ ಊರಲ್ಲೂ ಇದ್ದಾರೆ.